ಡಿಸೆಂಬರ್‌ನಲ್ಲಿ ಕೇದಾರಕಂಠ: ನಮ್ಮ ಪ್ಲಾನ್ ಸರಿ ಇದೆಯಾ, ನೋಡಿ ಹೇಳಿ ಸರ್

ಪ್ರಶ್ನೆ (ಕಲಬುರಗಿಯಿಂದ):
ನಮಸ್ಕಾರ ಸರ್. ನಾವು ನಾಲ್ವರು ಗೆಳೆಯರು, ಎಲ್ಲರೂ 30 ದಾಟಿದವರು. ಇಬ್ಬರು ಮೇಷ್ಟ್ರು, ಒಬ್ಬ ತೊಗರಿ ವ್ಯಾಪಾರಿ, ನಾನು ಬ್ಯಾಂಕಿನಲ್ಲಿದ್ದೇನೆ. ಡಿಸೆಂಬರ್ ಕೊನೆಯ ವಾರ ಉತ್ತರಾಖಂಡದ ಕೇದಾರಕಂಠ ಬೆಟ್ಟಕ್ಕೆ ಹೋಗುವ ಆಸೆ. ಬೆಟ್ಟ ಅಂತ ಇದುವರೆಗೆ ಹತ್ತಿದ್ದು ಯಾದಗಿರಿ ಕೋಟೆ ಒಂದೇ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಅಲ್ಲಿಂದ ರಾತ್ರಿ ಡೆಹ್ರಾಡೂನ್, ಮರುದಿನ ಚಾರಣ ಶುರುವಾಗುವ ಹಳ್ಳಿ ಸಾಂಕ್ರಿ. ಸಾಂಕ್ರಿಯಿಂದ ಎರಡೇ ದಿನದಲ್ಲಿ ತುದಿ ಮುಟ್ಟಿ, ಮೂರನೇ ದಿನ ಇಳಿದು ಸಂಜೆಗೇ ಡೆಹ್ರಾಡೂನ್ ಗಾಡಿ ಹಿಡಿಯುವುದು. ಮರುದಿನ ರಾತ್ರಿ ದೆಹಲಿಯಿಂದ ವಾಪಸ್ ರೈಲು. ರಜೆ ಕಡಿಮೆ ಇದೆ. ಇಷ್ಟರಲ್ಲಿ ಆಗುತ್ತಾ?

ಟ್ರೆಕ್ ಲೀಡರ್ ಉತ್ತರ:
ನಮಸ್ಕಾರ ರೀ. ನಾನೂ ಚಿಂಚೋಳಿ ಕಡೆಯವನೇ. ಚಳಿಗಾಲದಲ್ಲಿ ಆ ದಾರಿಯಲ್ಲಿ ತಂಡ ಕರೆದೊಯ್ಯುವುದೇ ನನ್ನ ಕೆಲಸ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪ್ಲಾನಿನಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಬೆಟ್ಟ ಅಲ್ಲ, ಆ ವಾಪಸ್ ಟಿಕೆಟ್.

ಯಾಕೆ ಅಂತ ಕೇಳಿ. ಒಂದು ಸಲ ನನ್ನ ತಂಡದಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಇದ್ದ. ಗಟ್ಟಿ ಆಳು, ದಿನಾ ಜಿಮ್. ಬೇಸ್ ಕ್ಯಾಂಪಿನಲ್ಲಿ, ಅಂದರೆ ತುದಿಗೆ ಹೊರಡುವ ಮೊದಲಿನ ಕೊನೆಯ ಕ್ಯಾಂಪಿನಲ್ಲಿ, ಸಂಜೆ ಎಲ್ಲರೂ ಚಹಾ ಕುಡಿಯುತ್ತಾ ಹರಟುತ್ತಿದ್ದರೆ ಇವನು ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಕೂತಿದ್ದ. ಚಹಾ ತಣ್ಣಗಾಗಿತ್ತು, ಒಂದು ಗುಟುಕೂ ಇಳಿದಿರಲಿಲ್ಲ. ಏನಾಯಿತಪ್ಪ ಅಂದರೆ ಏನಿಲ್ಲ ಸರ್ ಅಂದ. ಅರ್ಧ ಗಂಟೆಗೆ ವಾಂತಿ. ಆಮೇಲೆ ಬಾಯಿ ಬಿಟ್ಟ: ಮಧ್ಯಾಹ್ನದಿಂದಲೇ ತಲೆ ಸಿಡಿಯುತ್ತಿತ್ತಂತೆ. ಹೇಳಿದರೆ ಒಂದು ದಿನ ನಿಲ್ಲಿಸುತ್ತಾರೆ, ರೈಲು ತಪ್ಪುತ್ತದೆ ಅಂತ ನುಂಗಿಕೊಂಡಿದ್ದ. ಆ ರಾತ್ರಿಯೇ ಟಾರ್ಚ್ ಹಿಡಿದು ಅವನನ್ನು ಕೆಳಗಿನ ಕ್ಯಾಂಪಿಗೆ ಇಳಿಸಿದೆವು. ಕೆಳಗೆ ಮುಟ್ಟಿ ಸ್ವಲ್ಪ ಹೊತ್ತಿಗೆ ಊಟ ಇದೆಯಾ ಅಂತ ಕೇಳಿದ. ಎತ್ತರದ ಕಾಯಿಲೆಗೆ ಇಳಿಯುವುದಕ್ಕಿಂತ ದೊಡ್ಡ ಮದ್ದಿಲ್ಲ.

ಈಗ ಲೆಕ್ಕ ನೋಡಿ. ಸಾಂಕ್ರಿ ಸುಮಾರು 6,400 ಅಡಿ, ದಾರಿಯಲ್ಲಿ ಕೆರೆ ಪಕ್ಕದ ಕ್ಯಾಂಪ್ ಜೂಡಾ ಕಾ ತಾಲಾಬ್ 9,100, ಬೇಸ್ ಕ್ಯಾಂಪ್ 11,250, ತುದಿ 12,500 ಅಡಿ. ನಮ್ಮ ಕಲಬುರಗಿ 1,500 ಅಡಿ ಆಸುಪಾಸು. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಡಿಮೆಯೇ. ಆ ಗಾಳಿಗೆ ಮೈ ಒಗ್ಗಲು ರಾತ್ರಿಗಳು ಬೇಕು. ಹಾಗಾಗಿ ಮೊದಲ ರಾತ್ರಿ ಸಾಂಕ್ರಿ, ಎರಡನೆಯದು ತಾಲಾಬ್, ಮೂರನೆಯದು ಬೇಸ್ ಕ್ಯಾಂಪ್. ಮರುದಿನ ನಸುಕಿನಲ್ಲಿ ತುದಿ, ಅಲ್ಲಿಂದ ಕೆಳಗಿನ ಕ್ಯಾಂಪಿಗೆ ಇಳಿದು ಮಲಗಿ, ಅದರ ಮರುದಿನ ಸಾಂಕ್ರಿ. ಸಾಂಕ್ರಿಯಿಂದ ಗಾಡಿಗಳು ಹೊರಡುವುದು ಬೆಳಿಗ್ಗೆ. ಡೆಹ್ರಾಡೂನ್‌ಗೆ ಸುಮಾರು 200 ಕಿ.ಮೀ. ಅಷ್ಟೇ, ಆದರೆ ಘಟ್ಟದ ರಸ್ತೆ, ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಹಿಮ ಬಿದ್ದರೆ ರಸ್ತೆಯೇ ಬಂದ್. ಇದರ ಮೇಲೆ ಎರಡು ಖಾಲಿ ದಿನ ಇಟ್ಟುಕೊಂಡು ವಾಪಸ್ ಟಿಕೆಟ್ ಮಾಡಿಸಿ. ಬೇಗ ಮುಗಿದರೆ ಡೆಹ್ರಾಡೂನ್‌ನಲ್ಲಿ ಹಾಯಾಗಿ ಮಲಗಿ, ಯಾರು ಬೇಡ ಅಂತಾರೆ?

ಪ್ರಶ್ನೆ (ಬೀದರ್‌ನಿಂದ):
ಸರ್, ದಾರಿ ಮೊಬೈಲಿನಲ್ಲೇ ಸಿಗುತ್ತಲ್ಲ, ಗೈಡ್ ಇಲ್ಲದೆ ಹೋದರೆ ಖರ್ಚು ಉಳಿಯಲ್ವಾ? ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆ ಮೊದಲೇ ನುಂಗಿದರೆ ಸಾಕು ಅಂತಾರೆ.

ಉತ್ತರ:
ಆ ಬೆಟ್ಟ ಇರುವುದು ಗೋವಿಂದ್ ರಾಷ್ಟ್ರೀಯ ಉದ್ಯಾನದೊಳಗೆ. ಸಾಂಕ್ರಿಗೆ ಹೋಗುವ ದಾರಿಯ ನೈಟ್ವಾರ್‌ನಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದೆ, ಪರವಾನಗಿ ಬೇಕು. ಅದು ಒತ್ತಟ್ಟಿಗಿರಲಿ. ಹಿಮ ಬಿದ್ದ ಮೇಲೆ ಕಾಲುದಾರಿ ಮುಚ್ಚಿಹೋಗುತ್ತದೆ. ಮೊಬೈಲಿನ ಗೆರೆ ಎಲ್ಲಿಗೆ ಹೋಗಬೇಕು ಅಂತ ತೋರಿಸುತ್ತದೆ, ಕಾಲ ಕೆಳಗಿನ ಹಿಮ ಗಟ್ಟಿಯೋ ಟೊಳ್ಳೋ ಅಂತ ಹೇಳುವುದಿಲ್ಲ. ಸಾಂಕ್ರಿಯ ಹುಡುಗರು ಅದನ್ನು ಕೋಲಿನಲ್ಲಿ ಒಮ್ಮೆ ಚುಚ್ಚಿ ಹೇಳುತ್ತಾರೆ. ಆ ದುಡ್ಡು ಉಳಿಸಬೇಡಿ ಅಣ್ಣ.

ಡೈಮಾಕ್ಸ್ ವಿಷಯ ವೈದ್ಯರನ್ನೇ ಕೇಳಿ. ಸಲ್ಫಾ ಅಲರ್ಜಿ ಇದ್ದವರು, ಬಿಪಿ ಮಾತ್ರೆ ತಗೊಳ್ಳುವವರು ಅದನ್ನು ಮೊದಲೇ ಅವರಿಗೆ ಹೇಳಬೇಕು. ಅದು ಮೈ ಬೇಗ ಒಗ್ಗಲು ಸಹಾಯ ಮಾಡುತ್ತದೆ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಮಾತ್ರೆ ನುಂಗಿದ್ದೇನೆ ಅಂತ ಒಂದು ದಿನ ಉಳಿಸಲು ಹೋಗಬೇಡಿ. ಯಾರಾದರೂ ಕುಡಿದವರ ಹಾಗೆ ತೂರಾಡುತ್ತಿದ್ದರೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ, ಕೂತಲ್ಲೇ ಏದುಸಿರು ಬರುತ್ತಿದ್ದರೆ, ಬೆಳಗಾಗಲಿ ಅಂತ ಕಾಯದೆ ಕೆಳಗಿಳಿಸಿ.

ಪ್ರಶ್ನೆ (ಯಾದಗಿರಿಯಿಂದ):
ಅಣ್ಣ, ನಮ್ಮ ಕಡೆ ಎಲ್ಲಾ ಬಯಲು. ಪ್ರಾಕ್ಟೀಸ್ ಹೇಗೆ ಮಾಡೋದು? ದಿನಾ 5 ಕಿ.ಮೀ. ನಡೀತೀನಿ. ಹೆಣ್ಮಕ್ಕಳಿಗೆ ಅಲ್ಲಿ ತೊಂದರೆ ಏನಾದರೂ ಇದೆಯಾ?

ಉತ್ತರ:
ಅಕ್ಕ, ನಿಮ್ಮೂರಲ್ಲೇ ಕೋಟೆ ಗುಡ್ಡ ಇಟ್ಟುಕೊಂಡು ನನ್ನನ್ನು ಕೇಳುತ್ತೀರಲ್ಲ! ಸಮತಟ್ಟಿನಲ್ಲಿ ನಡೆದರೆ ಉಸಿರು ಪಳಗುತ್ತದೆ, ಮೊಣಕಾಲಲ್ಲ. ಬಯಲುಸೀಮೆಯವರು ಸೋಲುವುದು ಹತ್ತುವಾಗ ಅಲ್ಲ, ಇಳಿಯುವಾಗ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕು. ಅಭ್ಯಾಸ ಇಲ್ಲದಿದ್ದರೆ ಎರಡನೇ ದಿನ ಕೂರಲೂ ಆಗದಷ್ಟು ನೋವು. ಒಳ್ಳೆಯದೇನೆಂದರೆ, ಮೊದಲೇ ನಾಲ್ಕಾರು ಸಲ ಆ ನೋವು ತಿಂದಿದ್ದರೆ ಆಮೇಲೆ ಕೆಲವು ವಾರ ಅಷ್ಟು ಕಾಡುವುದಿಲ್ಲ. ಎಂಟು ವಾರ ಮೊದಲು ಶುರು ಮಾಡಿ. ಬ್ಯಾಗಿನಲ್ಲಿ 3 ಕೆ.ಜಿ. ಜೋಳ ಹಾಕಿಕೊಂಡು ಗುಡ್ಡ ಹತ್ತಿ, ನಿಧಾನವಾಗಿ ಇಳಿಯಿರಿ. ವಾರಕ್ಕಿಷ್ಟು ಅಂತ ಏರಿಸುತ್ತಾ 8 ಕೆ.ಜಿ.ವರೆಗೆ ಹೋಗಿ. ಕಲಬುರಗಿಯವರಿಗೆ ಗುಡ್ಡ ಇಲ್ಲದಿದ್ದರೆ ನಾಲ್ಕು ಮಹಡಿಯ ಮೆಟ್ಟಿಲು ಸಾಕು. ವಾಚ್‌ಮನ್ ಎರಡು ದಿನ ಅನುಮಾನದಿಂದ ನೋಡುತ್ತಾನೆ, ಮೂರನೇ ದಿನ ಅವನೇ ಎಣಿಸುತ್ತಾನೆ.

ಹೆಣ್ಮಕ್ಕಳಿಗೆ ಅಂತ ಬೇರೆ ತೊಂದರೆ ಇಲ್ಲ. ಗುಂಡಿ ತೋಡಿದ ಟೆಂಟ್ ಶೌಚಾಲಯ ಇರುತ್ತದೆ. ಬಳಸಿದ ಪ್ಯಾಡ್ ಕವರಿನಲ್ಲಿ ಕಟ್ಟಿ ವಾಪಸ್ ತನ್ನಿ, ಅಲ್ಲಿ ಹೂಳಬೇಡಿ. ಶೌಚಾಲಯ ದೂರ ಅಂತ ನೀರು ಕುಡಿಯದೇ ಇರುವುದು ಮಾತ್ರ ತಪ್ಪು. ದಿನಕ್ಕೆ ಮೂರು ಲೀಟರ್ ಹೊಟ್ಟೆಗೆ ಹೋಗಲಿ.

ಪ್ರಶ್ನೆ (ಕಲಬುರಗಿ, ಮೊದಲು ಕೇಳಿದವರು):
ಊಟ? ನಮ್ಮಲ್ಲಿ ಒಬ್ಬನಿಗೆ ರೊಟ್ಟಿ ಇಲ್ಲದಿದ್ದರೆ ಊಟ ಆದ ಹಾಗೇ ಅನ್ನಿಸಲ್ಲ. ಬಟ್ಟೆ ಏನು ಒಯ್ಯಬೇಕು?

ಉತ್ತರ:
ಕಡಕ್ ರೊಟ್ಟಿ ಒಯ್ಯಿರಿ, ಅದರಂಥ ಟ್ರೆಕ್ ಊಟ ಇಲ್ಲ. ಹಗುರ, ವಾರಗಟ್ಟಲೆ ಕೆಡಲ್ಲ. ಬ್ಯಾಗಿನಲ್ಲಿ ಹಾಗೇ ತುರುಕಿದರೆ ಸಂಜೆಗೆ ಪುಡಿ. ಅಗಲ ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿಡಿ. ಜೊತೆಗೆ ಶೇಂಗಾ ಹಿಂಡಿ, ಶೇಂಗಾ ಹೋಳಿಗೆ. ಎತ್ತರದಲ್ಲಿ ಹಸಿವು ಸಾಯುತ್ತದೆ, ಆಗ ಬಾಯಿಗೆ ಹಿಡಿಸಿದ ರುಚಿಯೇ ಕೆಲಸಕ್ಕೆ ಬರುವುದು.

ಬಟ್ಟೆಯಲ್ಲಿ ಒಂದೇ ಮಾತು: ಹತ್ತಿ ಬನಿಯನ್ ಬೇಡ. ಬೆವರು ಕುಡಿದು ಒಣಗುವುದಿಲ್ಲ, ನಿಂತ ಕೂಡಲೇ ಮೈ ಮಂಜಾಗುತ್ತದೆ. ಪಾಲಿಯೆಸ್ಟರ್ ಟೀ ಶರ್ಟ್, ಮೇಲೆ ಫ್ಲೀಸ್, ಅದರ ಮೇಲೆ ಜಾಕೆಟ್. ಬಿಸಿಯಾದರೆ ಒಂದು ತೆಗೆಯಿರಿ. ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ನೀರಿನ ಬಾಟಲಿ ತಲೆಕೆಳಗು ಇಡಿ, ಮಂಜು ಮೇಲಿನಿಂದ ಕಟ್ಟುವುದರಿಂದ ಮುಚ್ಚಳದ ಕಡೆ ನೀರಾಗಿಯೇ ಇರುತ್ತದೆ. ಪವರ್ ಬ್ಯಾಂಕ್, ಮೊಬೈಲ್ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಲಿ.

ಪ್ರಶ್ನೆ (ಅವರೇ):
ಸರ್, ಎರಡು ದಿನ ಜಾಸ್ತಿ ಅಂದ ಕೂಡಲೇ ತೊಗರಿ ಗೆಳೆಯ ಕೈ ಎತ್ತಿದ. ಡಿಸೆಂಬರ್, ಜನವರಿಯಲ್ಲಿ ಹೊಸ ಮಾಲು ಬರುತ್ತದೆ, ಎಂಟು ದಿನಕ್ಕಿಂತ ಜಾಸ್ತಿ ಅಂಗಡಿ ಬಿಡಲಾರೆ ಅಂತಾನೆ. ಮಾರ್ಚ್ ಅಂದರೆ ನನಗೆ ಬ್ಯಾಂಕಿನಲ್ಲಿ ವರ್ಷದ ಲೆಕ್ಕ.

ಉತ್ತರ:
ಹಾಗಾದರೆ ಏಪ್ರಿಲ್ ಎರಡನೇ ವಾರ ನೋಡಿ. ಮೇಷ್ಟ್ರುಗಳಿಗೂ ಬೇಸಿಗೆ ರಜೆ ಶುರುವಾಗುತ್ತದೆ. ತುದಿಯ ಹತ್ತಿರ ಸಾಮಾನ್ಯವಾಗಿ ಹಿಮ ಉಳಿದಿರುತ್ತದೆ, ಡಿಸೆಂಬರ್‌ನ ಜನಜಾತ್ರೆ ಇರುವುದಿಲ್ಲ. ಆಗ ಕಲಬುರಗಿಯಲ್ಲಿ 40 ಡಿಗ್ರಿ, ಹಾಗಾಗಿ ಮೆಟ್ಟಿಲು ಹತ್ತುವುದನ್ನು ಬೆಳಿಗ್ಗೆ ಆರಕ್ಕೇ ಮುಗಿಸಿಕೊಳ್ಳಿ. ರೈಲು ಟಿಕೆಟ್ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಶೂ ಮಾತ್ರ ಫೆಬ್ರವರಿಯಲ್ಲೇ ತಗೊಳ್ಳಿ. ಸಂಜೆ ಹೋಗಿ, ಆಗ ಪಾದ ಸ್ವಲ್ಪ ಉಬ್ಬಿರುತ್ತದೆ. ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಇಳಿಜಾರಿನಲ್ಲಿ ನಿಂತಾಗ ಹೆಬ್ಬೆರಳು ಮುಂದೆ ತಾಗಿದರೆ ಆ ಜೋಡಿ ಬೇಡ. ಮನೆಯಲ್ಲಿ ಒಂದು ಚೀಟಿ ಬರೆದಿಟ್ಟು ಬನ್ನಿ: ಯಾವ ದಿನ ಎಲ್ಲಿ ಮಲಗುತ್ತೇವೆ, ಸಾಂಕ್ರಿಯಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ. ಮೇಲೆ ಸಿಗ್ನಲ್ ಸಿಗುವುದಿಲ್ಲ ಅಂತ ಮನೆಯವರಿಗೆ ಈಗಲೇ ಹೇಳಿ, ಇಲ್ಲದಿದ್ದರೆ ಎರಡನೇ ದಿನಕ್ಕೇ ನನಗೆ ಫೋನ್ ಬರುತ್ತದೆ.