ಸಾಯಣರ 2202 ಯೋಜನ: ಈ ಚಾರ್ಟ್ ಗೋಡೆಗೆ ಅಂಟಿಸಲಾ, ಬೇಡವಾ?

ಹೊಸಪೇಟೆ ಟೀಚರ್:

ನಾನು ಹೊಸಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶನಿವಾರ ನಮ್ಮಲ್ಲಿ ವಸ್ತುಪ್ರದರ್ಶನ ಇದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹಳದಿ ಚಾರ್ಟ್ ಶೀಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ತಂದಿದ್ದಾಳೆ: "ಬೆಳಕಿನ ವೇಗ ಮೊದಲು ಹೇಳಿದ್ದು ವಿಜಯನಗರದ ಸಾಯಣಾಚಾರ್ಯರು." ಅದರ ಕೆಳಗೆ ಶ್ಲೋಕ:

ಯೋಜನಾನಾಂ ಸಹಸ್ರೇ ದ್ವೇ ದ್ವೇ ಶತೇ ದ್ವೇ ಚ ಯೋಜನೇ ।
ಏಕೇನ ನಿಮಿಷಾರ್ಧೇನ ಕ್ರಮಮಾಣ ನಮೋಽಸ್ತು ತೇ ॥

ಅರ್ಧ ನಿಮಿಷಕ್ಕೆ 2202 ಯೋಜನ (ಈ ನಿಮಿಷ ಹಳೆಯ ಅಳತೆ, ಗಡಿಯಾರದ ಮಿನಿಟು ಅಲ್ಲ). ಯೋಜನ ಅಂದರೆ 9 ಮೈಲಿ, ನಿಮಿಷ ಅಂದರೆ ಸೆಕೆಂಡಿನ 75ರಲ್ಲಿ 16 ಭಾಗ. ಸುಳ್ಳೇ ಇರಬೇಕು ಅಂದುಕೊಂಡು ಸ್ಟಾಫ್ ರೂಮಿನಲ್ಲಿ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಸೆಕೆಂಡಿಗೆ ಸುಮಾರು 1,86,000 ಮೈಲಿ ಬಂತು. ಪಠ್ಯಪುಸ್ತಕದ ಉತ್ತರವೇ! ಬೆವರು ಬಂತು ನೋಡಿ.

ಶ್ಲೋಕ ಕೊಟ್ಟವರು ಅವಳ ತಾತ. ಪೌರೋಹಿತ್ಯ ಮಾಡುವವರು, ಸಜ್ಜನರು. ಲೆಕ್ಕ ಮಾತ್ರ ವಾಟ್ಸಾಪಿನಿಂದ ಬಂದದ್ದು. "ಸಾಯಣರು ನಮ್ಮ ಹಂಪಿ ಕಡೆಯವರೇ ಅಲ್ವಾ ಮಿಸ್" ಅಂತ ಹುಡುಗಿ ಕೇಳುವಾಗ ಮುಖ ಅರಳಿತ್ತು. ಏನು ಹೇಳಲಿ?

ಅಮರಕೋಶದ ಅಜ್ಜ:

ಟೀಚರಮ್ಮ, ಮೂವತ್ತು ವರ್ಷ ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡಿದವನು ನಾನು. ಈ ಶ್ಲೋಕ ನನಗೆ ವರ್ಷಕ್ಕೆ ಹತ್ತು ಸಲವಾದರೂ ಫಾರ್ವರ್ಡ್ ಆಗಿ ಬರುತ್ತದೆ.

ಶ್ಲೋಕ ಖೋಟಾ ಅಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಋಗ್ವೇದದ ಒಂದನೇ ಮಂಡಲ, 50ನೇ ಸೂಕ್ತ, ನಾಲ್ಕನೇ ಮಂತ್ರಕ್ಕೆ ಸಾಯಣರು ಬರೆದ ಭಾಷ್ಯದಲ್ಲಿ, ಅಂದರೆ ವಿವರಣೆಯಲ್ಲಿ ಇದೆ. ಸಾಯಣರು ಬುಕ್ಕರಾಯ, ಇಮ್ಮಡಿ ಹರಿಹರರ ಕಾಲದವರು, ತೀರಿಕೊಂಡದ್ದು 1387ರಲ್ಲಿ. ಹುಡುಗಿ ಅಲ್ಲಿಯವರೆಗೆ ಸರಿಯಾಗಿಯೇ ಇದ್ದಾಳೆ.

ಈಗ ಶ್ಲೋಕವನ್ನು ಒಂದೊಂದೇ ಪದವಾಗಿ ಓದಿ. ಬೆಳಕು ಅನ್ನುವ ಪದ ಎಲ್ಲಿದೆ? ಇಲ್ಲವೇ ಇಲ್ಲ. "ಇಷ್ಟು ಯೋಜನ ನಡೆಯುವವನೇ, ನಿನಗೆ ನಮಸ್ಕಾರ" ಅಂತಿದೆ, ಅಷ್ಟೇ. ಮಂತ್ರದಲ್ಲಿ ಸೂರ್ಯನನ್ನು "ತರಣಿ" ಅಂತ ಕರೆದಿದೆ. ಬೇರೆ ಯಾರೂ ಹೋಗಲಾರದಂಥ ದೊಡ್ಡ ದಾರಿ ನಡೆಯುವವನು ಅಂತ ಸಾಯಣರು ಅದಕ್ಕೆ ಅರ್ಥ ಕೊಟ್ಟು, ಹಾಗೆಂದು ಹಿಂದಿನಿಂದ ಹೇಳುತ್ತಾರೆ ಎಂದು ಈ ಶ್ಲೋಕ ಎತ್ತಿ ಕೊಡುತ್ತಾರೆ. ಓಡುತ್ತಿರುವುದು ಸೂರ್ಯ, ಕಿರಣ ಅಲ್ಲ. ಶ್ಲೋಕ ಅವರ ಸ್ವಂತದ್ದೂ ಅಲ್ಲ.

ಇದರ ಅಣ್ಣನೋ ತಮ್ಮನೋ ಭಾಗವತದಲ್ಲಿ ಸಿಗುತ್ತಾನೆ. ಐದನೇ ಸ್ಕಂಧ, 21ನೇ ಅಧ್ಯಾಯದ ಕೊನೆ ನೋಡಿ. ಸೂರ್ಯ ಸುತ್ತುವ ದಾರಿ 9 ಕೋಟಿ 51 ಲಕ್ಷ ಯೋಜನ, ಕ್ಷಣಕ್ಕೆ 2000 ಯೋಜನ ಮತ್ತು ಎರಡು ಕ್ರೋಶ (ಕ್ರೋಶ ಯೋಜನಕ್ಕಿಂತ ಚಿಕ್ಕ ಅಳತೆ) ಹೋಗುತ್ತಾನೆ ಅಂತಿದೆ. ಭೂಮಿ ಮಧ್ಯೆ ನಿಂತಿದೆ, ಸೂರ್ಯ ರಥದಲ್ಲಿ ಅದನ್ನು ದಿನಕ್ಕೊಂದು ಸುತ್ತು ಹಾಕುತ್ತಾನೆ ಅನ್ನುವ ಲೆಕ್ಕ ಅದು. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಉತ್ತರ ಹೊಂದುವುದಿಲ್ಲವಲ್ಲ!

ಇನ್ನು ನಿಮಗೆ ಬೆವರು ಬರಿಸಿದ ಗುಣಾಕಾರ. ಯೋಜನಕ್ಕೆ ಒಂದೇ ಅಳತೆ ಯಾವತ್ತೂ ಇರಲಿಲ್ಲ. ಮೋನಿಯರ್ ವಿಲಿಯಮ್ಸ್ ಅವರ ಸಂಸ್ಕೃತ-ಇಂಗ್ಲಿಷ್ ನಿಘಂಟಿನಲ್ಲೇ 4–5 ಮೈಲಿ ಅಂತಲೂ ಇದೆ, 9 ಮೈಲಿ ಅಂತಲೂ ಇದೆ. ಆರ್ಯಭಟ ಭೂಮಿಯ ವ್ಯಾಸ 1050 ಯೋಜನ ಅಂದ, ಅವನ ಯೋಜನ ಸುಮಾರು 12 ಕಿಲೋಮೀಟರ್ ಆಯಿತು. ಸೂರ್ಯಸಿದ್ಧಾಂತ ಅನ್ನುವ ಹಳೆಯ ಖಗೋಳ ಗ್ರಂಥದಲ್ಲಿ ಅದೇ ವ್ಯಾಸ 1600 ಯೋಜನ, ಅಂದರೆ ಯೋಜನಕ್ಕೆ 8 ಕಿಲೋಮೀಟರ್. ನಿಮಿಷವೂ ಹಾಗೇ. ವಿಷ್ಣುಪುರಾಣದಲ್ಲಿ 15 ನಿಮಿಷಕ್ಕೆ ಒಂದು ಕಾಷ್ಠಾ (ನಿಮಿಷದ ಮೇಲಿನ ಕಾಲದ ಅಳತೆ), ಮನುಸ್ಮೃತಿಯಲ್ಲಿ 18ಕ್ಕೆ. ಕೌಟಿಲ್ಯ 5ಕ್ಕೇ ಒಂದು ಕಾಷ್ಠಾ ಅಂತಾನೆ, ಆದರೆ ಅವನ ಮುಂದಿನ ಮೆಟ್ಟಿಲುಗಳೂ ಬೇರೆ. ಮೂರರಿಂದ ಮೂರು ನಿಮಿಷ ಹುಟ್ಟುತ್ತವೆ: 0.213, 0.178, 0.24 ಸೆಕೆಂಡು.

ಯೋಜನ ಮೂರು (9 ಮೈಲಿಯದ್ದು, ಆರ್ಯಭಟನದ್ದು, ಸೂರ್ಯಸಿದ್ಧಾಂತದ್ದು), ನಿಮಿಷ ಮೂರು. ಒಂಬತ್ತು ಉತ್ತರ. ಸೆಕೆಂಡಿಗೆ 1,46,000 ಕಿಲೋಮೀಟರಿನಿಂದ 3,59,000ದವರೆಗೆ ಹರಡಿಕೊಂಡಿವೆ. ಬೇಕಾದ 3 ಲಕ್ಷದ ಹತ್ತಿರ ಬರುವವು ಎರಡು. ತಮಾಷೆ ಅಂದರೆ ಮನುವಿನ ನಿಮಿಷಕ್ಕೆ ಆರ್ಯಭಟನ ಯೋಜನ ಕಟ್ಟಿದರೂ ಬರುತ್ತದೆ! ಉತ್ತರ ಮೊದಲೇ ಗೊತ್ತಿದ್ದವನು ಹುಡುಕಿಕೊಂಡು ಹೋದರೆ ಸಿಕ್ಕೇ ಸಿಗುತ್ತದೆ.

ಗಂಡಭೇರುಂಡ 78:

ಅದೇನು ಸ್ವಾಮಿ, ಬಿಳಿಯರು ಹೇಳಿದರೆ ವಿಜ್ಞಾನ, ನಮ್ಮವರು ಹೇಳಿದರೆ ಕಾಕತಾಳೀಯ. ಸುಮ್ನೆ ಕಟ್ಟುಕತೆ ಆಗಿದ್ದರೆ 2000 ಅಂತ ಹೇಳಿ ಬಿಡುತ್ತಿದ್ದರು. ಆ 202 ಯಾಕೆ ಬಂತು? ಅಳೆಯದೆ ಯಾರಾದರೂ ಅಷ್ಟು ಕರಾರುವಾಕ್ಕಾಗಿ ಹೇಳುತ್ತಾರಾ?

ಅಮರಕೋಶದ ಅಜ್ಜ:

ಗಂಡಭೇರುಂಡರೇ, ಪ್ರಶ್ನೆ ಚೆನ್ನಾಗಿದೆ. ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ: ಸಹಸ್ರೇ ದ್ವೇ, ದ್ವೇ ಶತೇ, ದ್ವೇ ಚ. ಎರಡು, ಎರಡು, ಎರಡು. ಬಾಯಲ್ಲಿ ತಾಳ ಬೀಳುತ್ತದೆ. ಸ್ತೋತ್ರಕ್ಕೆ ಇಂಥ ಸಂಖ್ಯೆಯೇ ಚಂದ ಅಂತ ನನ್ನ ಊಹೆ.

ಬಿಳಿಯರ ಮಾತಿಗೆ ಬಂದರೆ, 1676ರಲ್ಲಿ ಡೆನ್ಮಾರ್ಕಿನ ಖಗೋಳಜ್ಞ ರೋಮರ್ ಬೆಳಕಿನ ಬಗ್ಗೆ ಹೇಳಿದ್ದೂ ತಪ್ಪೇ. ಗುರುವಿನ ಉಪಗ್ರಹ ಅಯೋಗೆ ಹಿಡಿಯುವ ಗ್ರಹಣ ಭೂಮಿ ದೂರ ಸರಿದಂತೆಲ್ಲ ತಡವಾಗುವುದನ್ನು ನೋಡಿ, ಭೂಮಿಯ ಕಕ್ಷೆಯ ಅಗಲ ದಾಟಲು ಬೆಳಕಿಗೆ 22 ಮಿನಿಟು ಬೇಕು ಅಂದ. ನಿಜವಾಗಿ ಹದಿನಾರೂವರೆ ಸಾಕು. ಆದರೆ ಏನು ನೋಡಿದೆ, ಹೇಗೆ ಲೆಕ್ಕ ಹಾಕಿದೆ ಅನ್ನುವುದು ಅವನಲ್ಲಿ ಇದೆ, ಬೇರೆಯವರು ಕೂತು ತಿದ್ದಬಹುದು. ಶ್ಲೋಕದಲ್ಲಿ ಅದಿಲ್ಲ. ನಮ್ಮವರಲ್ಲಿ ಅದು ಬೇಕಾದರೆ ಆರ್ಯಭಟನ ಹತ್ತಿರ ಹೋಗಿ. 20,000 ವ್ಯಾಸದ ವೃತ್ತಕ್ಕೆ ಪರಿಧಿ 62,832 ಅಂತ ಹೇಳಿ, ಪಕ್ಕದಲ್ಲೇ "ಆಸನ್ನ" ಅಂದ. ಅಂದರೆ ಹತ್ತಿರದ್ದು, ಪೂರ್ತಿ ನಿಖರ ಅಲ್ಲ ಅಂತ. ಆ ಒಂದು ಪದಕ್ಕೆ ನಾನು ದಿನಾ ಕೈಮುಗಿಯುತ್ತೇನೆ.

ತುಂಗಭದ್ರಾ ಎಡದಂಡೆ:

ಟೀಚರ್, ಚಾರ್ಟ್ ಹರಿಯಬೇಡಿ ದಯವಿಟ್ಟು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಎಲ್ಲರೆದುರು ನನ್ನದನ್ನು ಹರಿದಿದ್ದರು. ಆಮೇಲೆ ವಿಜ್ಞಾನದ ತಂಟೆಗೇ ಹೋಗಲಿಲ್ಲ, ಈಗ ಭತ್ತದ ವ್ಯಾಪಾರ.

ಹೊಸಪೇಟೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಿನ್ನೆ ಪ್ರದರ್ಶನ ಮುಗಿಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಚಾರ್ಟ್ ಹರಿಯಲಿಲ್ಲ. ಅಜ್ಜನವರು ಬರೆದದ್ದನ್ನು ಅವಳ ಮುಂದಿಟ್ಟು, ಒಂಬತ್ತು ಮನೆ ಕೋಷ್ಟಕ ನೀನೇ ತುಂಬು ಅಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ ಬಂದು, "ನಿಮಿಷ ಅಂದರೆ ರೆಪ್ಪೆ ಬಡಿಯೋದು ತಾನೇ ಮಿಸ್, ನಾವೇ ಅಳೆಯೋಣ" ಅಂದಳು. ನನ್ನ ಮೊಬೈಲಿನ ಸ್ಲೋಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಬರುತ್ತವೆ. ಹನ್ನೊಂದು ಮಕ್ಕಳ ಕಣ್ಣು ಹಿಡಿದೆವು. ರೆಪ್ಪೆ ಮುಚ್ಚಿ ತೆರೆಯಲು ಒಬ್ಬನಿಗೆ 41 ಚಿತ್ರ, ಇನ್ನೊಬ್ಬಳಿಗೆ 83. ಅವಳದ್ದೇ ಮೂರು ಸಲಕ್ಕೆ ಮೂರು ಥರ ಬಂತು. ಅದನ್ನೂ ಚಾರ್ಟಿನಲ್ಲಿ ಹಾಕಿದಳು. ತಲೆಬರಹದ ಮೇಲೆ ಬಿಳಿ ಕಾಗದ ಅಂಟಿಸಿ "2202 ಯೋಜನ ಅಂದರೆ ಎಷ್ಟು?" ಅಂತ ಹೊಸದಾಗಿ ಬರೆದಳು.

ಪ್ರದರ್ಶನಕ್ಕೆ ತಾತನೂ ಬಂದಿದ್ದರು. ನನಗೆ ಎದೆ ಡವಡವ. ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಓದಿದರು. ಕೋಷ್ಟಕದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಯೋಜನಾನಾಂ, ಇಲ್ಲಿ ದೀರ್ಘ ಬಿಟ್ಟಿದ್ದೀಯಲ್ಲೇ" ಅಂತ ಮೊಮ್ಮಗಳ ಕೈಯಿಂದ ಸ್ಕೆಚ್ ಪೆನ್ ತೆಗೆದುಕೊಂಡು ತಾವೇ ತಿದ್ದಿದರು.