ಪದಚರ್ಚೆ: ‘ಸ್ಪಿರಿಚುಯಲ್ ಅಬ್ಯೂಸ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಂಗಳೂರಿನಿಂದ:
ಮಾನ್ಯರೇ, ಕ್ರೈಸ್ತ ಸಭೆಯೊಂದರ ದೂರು ಸಮಿತಿಗೆ ಫಲಕ ಬರೆದುಕೊಡುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗಬೇಕು. ‘ನನ್ನ ಮಾತು ಮೀರಿದರೆ ದೇವರ ಮಾತನ್ನೇ ಮೀರಿದಂತೆ’ ಎಂದು ಹೆದರಿಸುವುದು, ಪಾಪನಿವೇದನೆಯಲ್ಲಿ ಕೇಳಿಸಿಕೊಂಡದ್ದನ್ನು ಮುಂದಿಟ್ಟು ಬಾಯಿ ಮುಚ್ಚಿಸುವುದು, ಮನೆಯವರಿಂದ ದೂರ ಮಾಡುವುದು, ಇವೆಲ್ಲ ಆ ಪದದಲ್ಲಿ ಅಡಗಬೇಕು. ಮೈ ಮುಟ್ಟದೆಯೂ ನಡೆಯುವಂಥದ್ದು. ಆದ್ದರಿಂದ ‘ಲೈಂಗಿಕ ದೌರ್ಜನ್ಯ’ ಸಾಲದು. ಕರಡಿನಲ್ಲಿ ‘ಆಧ್ಯಾತ್ಮಿಕ ದೌರ್ಜನ್ಯ’ ಎಂದಿದೆ. ಸಭೆಯವರ ರೂಢಿಯ ಮಾತು ‘ಆತ್ಮಿಕ’. ಅಕ್ಷರ ಜೋಡಿಸುವವರು ಅದನ್ನು ‘ಆತ್ಮೀಯ ದೌರ್ಜನ್ಯ’ ಮಾಡಿಟ್ಟಿದ್ದಾರೆ.

ಮೈಸೂರಿನಿಂದ:
‘ಆಧ್ಯಾತ್ಮಿಕ’ ಸಲ್ಲದು. ದಿನವೂ ‘ತಾಪತ್ರಯ’ ಎನ್ನುತ್ತೇವಲ್ಲ, ಆ ಮೂರು ತಾಪಗಳು ಆಧಿಭೌತಿಕ, ಆಧಿದೈವಿಕ, ಆಧ್ಯಾತ್ಮಿಕ. ಆಧ್ಯಾತ್ಮಿಕವೆಂದರೆ ತನ್ನದೇ ಮೈಮನಸ್ಸುಗಳಿಂದ ಹುಟ್ಟುವ ಸಂಕಟ: ಜ್ವರ, ಕೋಪ, ಮತ್ಸರ. ಗುರು ಕೊಟ್ಟ ಹಿಂಸೆಗೆ ಅದೇ ವಿಶೇಷಣ ಹಚ್ಚಿದರೆ ನೊಂದವರೇ ಅದಕ್ಕೆ ಕಾರಣ ಎಂದಾಗುತ್ತದೆ. ಇಂಥ ಗುರುಗಳು ಹೇಳುವುದೂ ಅದನ್ನೇ. ‘ಗುರ್ವಧಿಕಾರ ದುರುಪಯೋಗ’ ಎಂದು ಹಾಕಿ.

ಶಿವಮೊಗ್ಗದಿಂದ:
ಗುರ್ವಧಿಕಾರ! ಸಂಧಿ ಬಿಡಿಸುವುದರೊಳಗೆ ದೂರು ಕೊಡಲು ಬಂದವರು ಮನೆ ಸೇರಿರುತ್ತಾರೆ. ಅಂಜಿಕೆ, ಕೇಡು, ಕಾಟ ಎಲ್ಲವೂ ಕನ್ನಡದಲ್ಲಿರುವಾಗ ಸಂಸ್ಕೃತದ ಬಾಗಿಲು ತಟ್ಟುವ ಚಟವೇಕೆ? ‘ದೇವರ ಹೆಸರಿನ ಕಾಟ’ ಎನ್ನಿ, ಮುಗಿಯಿತು.

ಮೈಸೂರಿನಿಂದ:
ಓದಿದವರು ಸಮಿತಿಯನ್ನು ಬಿಟ್ಟು ಮಂತ್ರವಾದಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಕಾಟ ಕೊಡುವುದು ದೆವ್ವ.

ಧಾರವಾಡದಿಂದ:
ನ್ಯಾಯಾಲಯದ ಕಾಗದಪತ್ರಗಳನ್ನು ಅನುವಾದಿಸುವವನು ನಾನು. 1860ರ ದಂಡಸಂಹಿತೆಯ 508ನೆಯ ಕಲಮನ್ನು ಯಾರೂ ನೋಡಿದಂತಿಲ್ಲ. ‘ದೈವದ ಅವಕೃಪೆಗೆ ಗುರಿಯಾಗುತ್ತೀಯೆ’ ಎಂದು ನಂಬಿಸಿ, ಕಾನೂನಿನಂತೆ ಮಾಡಬೇಕಿಲ್ಲದ್ದನ್ನು ಒಬ್ಬರಿಂದ ಮಾಡಿಸಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 354. ಹಳೆಯ ಕಲಮಿನ ದೃಷ್ಟಾಂತದಲ್ಲಿ ಒಬ್ಬ ಇನ್ನೊಬ್ಬನ ಮನೆಬಾಗಿಲಲ್ಲಿ ‘ಧರಣಿ’ ಕೂರುತ್ತಾನೆ. ಆ ಪದವನ್ನು ಇಂಗ್ಲಿಷರು ಈ ನೆಲದಿಂದಲೇ ಎತ್ತಿಕೊಂಡು ಕಾಯ್ದೆಯಲ್ಲಿ ಕೂರಿಸಿದರು. ಎರವಲೆಂದರೆ ಮೈಲಿಗೆ ಎನ್ನುವ ಶಿವಮೊಗ್ಗದವರು ಗಮನಿಸಬೇಕು.

ಇನ್ನು ಪದದ ಮಾತು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಪಾದ್ರಿಯೊಬ್ಬರು ಮಾರ್ಗದರ್ಶನದ ನೆಪದಲ್ಲಿ ಹದಿಹರೆಯದ ಹುಡುಗನ ಬದುಕನ್ನೇ ಹಿಡಿತಕ್ಕೆ ತೆಗೆದುಕೊಂಡಿದ್ದ ಪ್ರಕರಣ 2018ರ ಆರಂಭದಲ್ಲಿ ಸುದ್ದಿಯಾಯಿತು. ಚರ್ಚಿನ ನ್ಯಾಯಮಂಡಳಿ ತಪ್ಪೆಂದು ಹೇಳಿದ್ದು ಅವರು ಧಾರ್ಮಿಕ ಅಧಿಕಾರವನ್ನು ಬಳಸಿಕೊಂಡ ಬಗೆಯನ್ನು. ವ್ಯಾಟಿಕನ್ ಇದನ್ನು ಪ್ರತ್ಯೇಕ ಅಪರಾಧವಾಗಿ ವ್ಯಾಖ್ಯಾನಿಸುವ ಸಾಧ್ಯತೆ ನೋಡಲು ತಂಡ ರಚಿಸುವುದಾಗಿ ಹೇಳಿದ್ದೇ 2024ರ ನವೆಂಬರಿನಲ್ಲಿ. ಹೆಸರಿನಲ್ಲಿ ‘ಅಧಿಕಾರ’ ಇರಲೇಬೇಕು, ಅಧಿಕಾರ ಯಾರದೆಂಬುದೂ ಇರಬೇಕು. ನನ್ನ ಸೂಚನೆ: ‘ಧರ್ಮಗುರುಗಳಿಂದ ಅಧಿಕಾರ ದುರ್ಬಳಕೆ’.

ಮೈಸೂರಿನಿಂದ:
‘ದುರ್ಬಳಕೆ’ ಅರಿಸಮಾಸ. ಸಂಸ್ಕೃತದ ಉಪಸರ್ಗವನ್ನು ಕನ್ನಡದ ಬಳಕೆಗೆ ಅಂಟಿಸಿದವರು ಪತ್ರಿಕೆಯವರು. ನಾವೂ ಅಂಟಿಸಬೇಕೆ?

ಶಿವಮೊಗ್ಗದಿಂದ:
ಮಳೆಗಾಲವೂ ಅರಿಸಮಾಸವೇ. ತಾವು ಕೊಡೆಯಿಲ್ಲದೆ ಓಡಾಡಬಹುದು.

ಮಂಗಳೂರಿನಿಂದ:
ಎಲ್ಲರಿಗೂ ವಂದನೆ. ಫಲಕದ ಮೇಲ್ಸಾಲು ‘ದೇವರ ಹೆಸರಿನಲ್ಲಿ ನಿಮ್ಮನ್ನು ಯಾರಾದರೂ ಹೆದರಿಸುತ್ತಿದ್ದಾರೆಯೇ?’ ಎಂದು, ಅದರ ಕೆಳಗೆ ಧಾರವಾಡದವರ ಪದ. ಸಮಿತಿಯ ಹಿರಿಯರೊಬ್ಬರು ‘ಧರ್ಮಗುರುಗಳಿಂದ’ ಎಂಬುದನ್ನು ತೆಗೆದು ‘ಕೆಲವರಿಂದ’ ಎಂದು ಹಾಕಿಸಿ ಎನ್ನುತ್ತಿದ್ದಾರೆ. ನಾನು ಒಪ್ಪಿಲ್ಲ.

ಮೈಸೂರಿನಿಂದ:
ಒಪ್ಪಬೇಡಿ. ‘ಕೆಲವರಿಂದ’ ಎಂದು ಹಾಕುವುದಾದರೆ ಫಲಕವೇ ಬೇಡ. ‘ದುರ್ಬಳಕೆ’ ಮಾತ್ರ ಈಗಲೂ ತಪ್ಪು.