"ಆನುವಂಶಿಕ" ಅಂದ್ರೆ ಅಮ್ಮನಿಂದ ಬಂದದ್ದು ಅಂತಲಾ? ಆಟಿಸಂ ಬರಹಕ್ಕೆ ಪದಗಳು ಬೇಕಾಗಿವೆ

ನಮಸ್ಕಾರ ಎಲ್ರಿಗೂ,

ಆಟಿಸಂ ಇರೋ ಮಕ್ಕಳ ತಂದೆ ತಾಯಿ ಓದೋಕೆ ಅಂತ ತಯಾರಾಗ್ತಿರೋ ಒಂದು ಪುಸ್ತಿಕೆಯ ಕನ್ನಡ ತಿದ್ದುತಾ ಇದೀನಿ. ಆಟಿಸಂಗೆ ಕನ್ನಡದಲ್ಲಿ ಏನು ಅನ್ನೋದು ನನ್ನ ಪ್ರಶ್ನೆ ಅಲ್ಲ, ಸ್ವಲೀನತೆ, ಸ್ವಮಗ್ನತೆ ಎರಡೂ ಬಳಕೇಲಿವೆ, ಮನೆಮಂದಿ ಮಾತ್ರ ಆಟಿಸಂ ಅಂತಾನೇ ಅಂತಾರೆ, ನಾನೂ ಅದನ್ನೇ ಉಳಿಸ್ಕೊಂಡಿದೀನಿ. ತೊಡಕಾಗಿರೋದು "ಆನುವಂಶಿಕ" ಅನ್ನೋ ಪದದಲ್ಲಿ. ಕರಡಿನ ಒಂದೇ ಪುಟದಲ್ಲಿ ಹೀಗೆ ಮೂರು ವಾಕ್ಯ ಇದಾವೆ: "ಆಟಿಸಂ ಆನುವಂಶಿಕವಾದದ್ದು", "ಕೆಲವು ಆನುವಂಶಿಕ ಬದಲಾವಣೆಗಳು ತಂದೆ ತಾಯಿಯಲ್ಲಿ ಇರುವುದಿಲ್ಲ", "ಆಟಿಸಂನ ಆನುವಂಶಿಕತೆ ಶೇ. 80". ಮೊದಲೆರಡನ್ನ ಒಟ್ಟಿಗೆ ಓದಿದವರು ತಂದೆ ತಾಯಿಯಲ್ಲೇ ಇಲ್ಲದ್ದು ಆನುವಂಶಿಕ ಹೇಗಾಗತ್ತೆ ಅಂತ ಕೇಳೇ ಕೇಳ್ತಾರೆ, ಕೇಳಲೇಬೇಕು.

ಇಂಗ್ಲಿಷ್ ಮೂಲದಲ್ಲಿ ಇವು ಮೂರು ಬೇರೆ ಬೇರೆ ಪದ (genetic, inherited, heritability), ಮೂರಕ್ಕೂ ಬೇರೆ ಬೇರೆ ಅರ್ಥ. ಒಂದು, ವಂಶವಾಹಿಗಳಿಗೆ, ಅಂದ್ರೆ ಜೀನ್‌ಗಳಿಗೆ, ಸಂಬಂಧಪಟ್ಟದ್ದು ಅಂತ ಅಷ್ಟೇ. ಇನ್ನೊಂದು, ಹೆತ್ತವರಿಂದ ಇಳಿದು ಬಂದದ್ದು. ಮೊದಲನೇದೆಲ್ಲಾ ಎರಡನೇದು ಆಗಬೇಕು ಅಂತೇನಿಲ್ಲ, ಯಾಕಂದ್ರೆ ಅಂಡಾಣುನೋ ವೀರ್ಯಾಣುನೋ ತಯಾರಾಗೋ ಹೊತ್ತಲ್ಲಿ ಹೊಸದಾಗಿ ಆಗೋ ಉತ್ಪರಿವರ್ತನೆಗಳು (ಜೀನ್‌ಗಳಲ್ಲಿ ಆಗೋ ಬದಲಾವಣೆಗಳು) ಇರ್ತವೆ, ಅಪ್ಪ ಅಮ್ಮನ ರಕ್ತ ಪರೀಕ್ಷೆ ಮಾಡಿದ್ರೆ ಅವು ಸಾಮಾನ್ಯವಾಗಿ ಅವರಲ್ಲಿ ಸಿಗಲ್ಲ, ಮಗೂಲಿ ಸಿಗತ್ತೆ. ಇಂಥ ಹೊಸ ಬದಲಾವಣೆಗಳಲ್ಲಿ ಹೆಚ್ಚಿನವು ತಂದೆಯ ಕಡೆಯಿಂದ ಬರೋದು, ತಂದೆಯ ವಯಸ್ಸು ಹೆಚ್ಚಾದ ಹಾಗೆ ಅವೂ ಹೆಚ್ಚಾಗ್ತವೆ. ಇವಕ್ಕೆ ಸದ್ಯಕ್ಕೆ "ಹೊಸ ಉತ್ಪರಿವರ್ತನೆ" ಅಂತ ಹಾಕಿದೀನಿ, ಪಠ್ಯಪುಸ್ತಕದ ವಾಸನೆ ಬರತ್ತೆ, ಆದ್ರೂ ಅರ್ಥ ಕೆಡಲ್ಲ. ಮೊದಲನೇ ಅರ್ಥಕ್ಕೆ "ವಂಶವಾಹಿ ಸಂಬಂಧಿ" ಅಂತ ಬರೆದು, "ಆನುವಂಶಿಕ" ಅನ್ನೋದನ್ನ ಹೆತ್ತವರಿಂದ ಬಂದದ್ದಕ್ಕೆ ಮಾತ್ರ ಮೀಸಲಿಟ್ರೆ ಸರಿಹೋಗತ್ತೆ ಅನ್ಸತ್ತೆ. ಆದ್ರೆ ವಂಶವಾಹಿ ಅನ್ನೋದ್ರಲ್ಲೇ ವಂಶ ಕೂತಿದೆಯಲ್ಲ! ಹಾಗಾಗಿ "ಜೀನ್" ಅಂತಾನೇ ಬರೆದುಬಿಡೋದು ವಾಸಿನಾ? ಹಿಂದೆ ಗುಣಾಣು ಅಂತಾನೂ ಬರೀತಿದ್ರು, ಅದ್ರಲ್ಲಿ ವಂಶದ ಮಾತಿಲ್ಲ, ಈಗ ಅದನ್ನ ಬರೆದ್ರೆ ಓದೋರಿಗೆ ಹೊಳೆಯತ್ತಾ ಹೇಳಿ.

ಮೂರನೇದು, ಅಂದ್ರೆ heritability, ನಿಜವಾದ ಕಗ್ಗಂಟು. ಶೇ. 80 ಅನ್ನೋದು ಎಲ್ಲಿಂದ ಬಂತು ಅಂದ್ರೆ, 2019ರಲ್ಲಿ ಡೆನ್ಮಾರ್ಕ್, ಫಿನ್‌ಲೆಂಡ್, ಸ್ವೀಡನ್, ಇಸ್ರೇಲ್, ಪಶ್ಚಿಮ ಆಸ್ಟ್ರೇಲಿಯಾ ಇಷ್ಟೂ ಕಡೆಯ 20 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಇಟ್ಕೊಂಡು ಮಾಡಿದ ಅಧ್ಯಯನದಿಂದ. ಒಂದು ಜನಸಮೂಹದಲ್ಲಿ ಕೆಲವರಿಗೆ ಆಟಿಸಂ ಇದೆ ಕೆಲವರಿಗೆ ಇಲ್ಲ ಅನ್ನೋ ಈ ವ್ಯತ್ಯಾಸದಲ್ಲಿ ಸುಮಾರು ಶೇ. 80ರಷ್ಟನ್ನ ಅವರವರ ವಂಶವಾಹಿಗಳ ವ್ಯತ್ಯಾಸದಿಂದ ವಿವರಿಸಬಹುದು ಅಂತ ಅದರ ಅರ್ಥ. ಒಂದು ಮಗುವಿಗೆ ಆಟಿಸಂ ಬರೋ ಸಾಧ್ಯತೆ ನೂರಕ್ಕೆ ಎಂಬತ್ತು ಅಂತ ಅಲ್ಲ, ಒಂದು ಮಗುವಿನ ಆಟಿಸಂನಲ್ಲಿ ಎಂಬತ್ತು ಪಾಲು ಹೆತ್ತವರು ಕೊಟ್ಟದ್ದು ಅಂತಾನೂ ಅಲ್ಲ. ಎತ್ತರದ ವಿಷಯದಲ್ಲೂ ಲೆಕ್ಕ ಹತ್ತಿರಹತ್ತಿರ ಇಷ್ಟೇ ಬರತ್ತೆ, ಹಾಗಂತ ಐದಡಿ ಇರೋರ ಎತ್ತರದಲ್ಲಿ ನಾಲ್ಕಡಿ ವಂಶವಾಹಿದು, ಒಂದಡಿ ಊಟದ್ದು ಅಂತ ಯಾರೂ ಹೇಳಲ್ಲ. ಇದಕ್ಕೆ "ಆನುವಂಶಿಕತೆ" ಅಂದ್ರೆ ಖಂಡಿತ ತಪ್ಪರ್ಥ ಆಗತ್ತೆ. "ವಂಶವಾಹಿಗಳ ಪಾಲು" ಅಂತ ಯೋಚಿಸ್ದೆ, ಆದ್ರೆ ಪಾಲು ಅಂದ ಕೂಡ್ಲೇ ಆಸ್ತಿ ಪಾಲಿನ ತರ ಅಪ್ಪನದಿಷ್ಟು ಅಮ್ಮನದಿಷ್ಟು ಅಂತ ಕಾಣತ್ತೇನೋ. "ಆನುವಂಶಿಕತಾ ಸೂಚ್ಯಂಕ" ಅಂದ್ರೆ ಇದೊಂದು ಲೆಕ್ಕಾಚಾರದ ಅಂಕಿ ಅಂತಾದ್ರೂ ಗೊತ್ತಾಗತ್ತೆ, ಆದ್ರೆ ನಾಲಿಗೆ ಹೊರಳಲ್ಲ. ನಿಮ್ಮಲ್ಲಿ ಯಾರಾದ್ರೂ ಕೃಷಿ, ಪಶುಸಂಗೋಪನೆ ಬರಹಗಳಲ್ಲಿ ಈ ಲೆಕ್ಕಕ್ಕೆ ಬೇರೆ ಪದ ಕಂಡಿದ್ರೆ ದಯವಿಟ್ಟು ತಿಳಿಸಿ, ತಳಿ ಅಭಿವೃದ್ಧಿ ಮಾಡೋರು ಇದನ್ನ ಮನೋವೈದ್ಯರಿಗಿಂತ ಮುಂಚಿನಿಂದ ಬಳಸ್ತಾ ಬಂದಿದಾರೆ.

ಇಷ್ಟೊಂದು ಹಟ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಈ ವಿಷಯದಲ್ಲಿ ತಾಯಂದಿರ ಮೇಲೆ ಒಮ್ಮೆ ದೊಡ್ಡ ಅನ್ಯಾಯ ಆಗಿದೆ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದಾಗ ಇದು ಹುಟ್ಟಿನಿಂದಲೇ ಇರೋದು ಅಂತಲೇ ಹೇಳಿದ್ದ, ಆದ್ರೆ 1949ರ ಹೊತ್ತಿಗೆ ಹೆತ್ತವರ ತಣ್ಣನೆ ಸ್ವಭಾವದ ಕಡೆ ಅವನ ಬರಹದಲ್ಲೇ ಬೊಟ್ಟು ತಿರುಗಿತು, ಆಮೇಲೆ ಅಮೆರಿಕದಲ್ಲಿ ಮಕ್ಕಳ ಶಾಲೆ ನಡೆಸ್ತಿದ್ದ ಬ್ರೂನೋ ಬೆಟಲ್‌ಹೈಮ್ ಅಂಥವರು ಅದನ್ನ ಇನ್ನೂ ಬೆಳೆಸಿದ್ರು, ಎಷ್ಟೋ ವರ್ಷ ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯ್ತು ಅಂತ ಡಾಕ್ಟರುಗಳೇ ಹೇಳ್ತಿದ್ರು. ಸ್ವತಃ ಆಟಿಸಂ ಇದ್ದ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಇದನ್ನ ಬಲವಾಗಿ ಅಲ್ಲಗಳೆದ. 1977ರಲ್ಲಿ ಮನೋವೈದ್ಯರಾದ ಸೂಸನ್ ಫೋಲ್‌ಸ್ಟೈನ್, ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನ ನೋಡಿದ್ರು, ತದ್ರೂಪಿ ಅವಳಿಗಳ 11 ಜೋಡೀಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು, ತದ್ರೂಪಿ ಅಲ್ಲದ 10 ಜೋಡೀಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಸಣ್ಣ ಲೆಕ್ಕ, ಆದ್ರೆ ತಾಯಿಯ ಮೇಲಿದ್ದ ಆರೋಪ ಸಡಿಲ ಆಗಿದ್ದು ಇಂಥ ಕೆಲಸದಿಂದ. ಈಗ ನಾವು ಒರಟು ಪದ ಬಳಸಿ ಅದೇ ಆರೋಪಾನ ಹಿಂಬಾಗಿಲಿಂದ ಒಳಗೆ ಬಿಟ್ಕೋಬಾರದು.

ಇದೇ ಕಾರಣಕ್ಕೆ, "ಆನುವಂಶಿಕ" ಬಿಟ್ಟು ಇನ್ನೊಂದು ಪದದ ಬಗ್ಗೆನೂ ಕೇಳಬೇಕಾಗಿದೆ. ಗರ್ಭಿಣಿಯ ಖಿನ್ನತೆಗೂ ಮಗುವಿನ ಆಟಿಸಂಗೂ "ನಂಟು" ಅಂತ ತಲೆಬರಹ ಕಾಣ್ತಿರತ್ತೆ. ಡೆನ್ಮಾರ್ಕಿನ 11 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ದಾಖಲೆ ನೋಡಿ 2025ರಲ್ಲಿ ಬಂದ ಅಧ್ಯಯನ, ತಾಯಂದಿರಿಗೆ ಇದ್ದ 200ಕ್ಕೂ ಹೆಚ್ಚು ಕಾಯಿಲೆಗಳನ್ನ ಪರಿಶೀಲಿಸ್ತು, ಖಿನ್ನತೇನೂ ಅದ್ರಲ್ಲಿತ್ತು. ಒಡಹುಟ್ಟಿದವರನ್ನ ಹೋಲಿಸಿದಾಗ, ಅಂದ್ರೆ ಒಬ್ಬಳೇ ತಾಯಿ, ಒಂದು ಬಸುರಲ್ಲಿ ಆ ಕಾಯಿಲೆ ಇತ್ತು ಇನ್ನೊಂದರಲ್ಲಿ ಇರಲಿಲ್ಲ ಅಂತ ಇಟ್ಕೊಂಡು ನೋಡಿದಾಗ, ಹೆಚ್ಚಿನ ನಂಟುಗಳು ಕರಗಿಹೋದ್ವು. ತಂದೆಗೆ ಅದೇ ಕಾಯಿಲೆ ಇದ್ರೂ ಎಷ್ಟೋ ಕಡೆ ಅಂಥದ್ದೇ ನಂಟು ಕಾಣ್ತು, ತಂದೆ ಬಸುರಿ ಅಲ್ವಲ್ಲ! ಅಂದ್ರೆ ಹೊಟ್ಟೆಯೊಳಗೆ ಖಿನ್ನತೆ ಏನೋ ಮಾಡಿತು ಅನ್ನೋದಕ್ಕಿಂತ, ಖಿನ್ನತೆಗೂ ಆಟಿಸಂಗೂ ಎರಡಕ್ಕೂ ಹಿಂದೆ ಕುಟುಂಬದ ವಂಶವಾಹಿಗಳೋ ಮತ್ತೊಂದೋ ಇರಬಹುದು ಅಂತ.

ಇದಕ್ಕೆ ಇಂಗ್ಲಿಷಿನಲ್ಲಿ familial confounding ಅಂತಾರೆ, ಕರಡಿನಲ್ಲಿ ಅದನ್ನ ಏನಂತ ಅನುವಾದಿಸಿದಾರೆ ಗೊತ್ತಾ, "ಕೌಟುಂಬಿಕ ಗೊಂದಲ" ಅಂತ. ಓದಿದ ತಾಯಿ ಮನೇಲಿ ಜಗಳ ಆಗ್ತಿತ್ತಲ್ಲ ಅದಕ್ಕೇ ಹೀಗಾಯ್ತು ಅಂತ ಅಂದ್ಕೊಂಡ್ರೆ ಅವರ ತಪ್ಪೇನಿದೆ? "ಗೊಂದಲಕಾರಿ ಅಂಶ" ಅಂದ್ರೂ ಅಷ್ಟೇ ಕಷ್ಟ. ಎರಡರ ಹಿಂದೆ ಮರೆಯಲ್ಲಿ ನಿಂತಿರೋ ಕಾರಣ ಅನ್ನೋ ಅರ್ಥದಲ್ಲಿ "ಮರೆಗಾರಣ" ಅಂತ ಮಾಡಬಹುದಾ? ಕೇಳೋಕೆ ಹೊಸದು, ಆದ್ರೆ ಒಂದ್ಸಲ ವಿವರಿಸಿದ್ರೆ ಮರೆಯಲ್ಲ ಅನ್ಸತ್ತೆ. "ಹಿನ್ನೆಲೆ ಕಾರಣ" ಇನ್ನೂ ಸುಲಭ, ಸ್ವಲ್ಪ ಸಪ್ಪೆ. ಇಲ್ಲಿ ಪದ ತಪ್ಪಿದ್ರೆ ಬರೀ ಭಾಷೆ ಕೆಡಲ್ಲ, ಖಿನ್ನತೆಗೆ ಮಾತ್ರೆ ತಗೋತಿರೋ ಗರ್ಭಿಣಿ ಹೆದರಿ ಡಾಕ್ಟರನ್ನ ಕೇಳದೆ ನಿಲ್ಲಿಸಿಬಿಟ್ರೆ ಆಕೆಗೇ ಅಪಾಯ.

ಹಾಗೇ ಒಂದು ಸಣ್ಣದು: ಹೆರಿಗೆ ನಂತರದ ಖಿನ್ನತೆಗೆ ಕರಡಿನಲ್ಲಿ "ಬಾಣಂತಿ ಸನ್ನಿ" ಅಂತ ಇತ್ತು, ತೆಗೆದು "ಬಾಣಂತಿ ಖಿನ್ನತೆ" ಮಾಡಿದೀನಿ. ಭ್ರಮೆ, ದಿಕ್ಕೆಟ್ಟ ಮಾತು ಇರೋ ಸನ್ನಿ ಸಾವಿರ ಹೆರಿಗೇಲಿ ಒಂದೋ ಎರಡೋ ಕಡೆ ಬರೋದು, ತುರ್ತಾಗಿ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಾದ್ದು. ಖಿನ್ನತೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನರಲ್ಲಿ ಬರತ್ತೆ. ಇದ್ರಲ್ಲಿ ಯಾರಿಗೂ ತಕರಾರು ಇರಲ್ಲ ಅಂದ್ಕೋತೀನಿ.

ಸದ್ಯಕ್ಕೆ ಆ ಪುಟಾನ ಹೀಗೆ ಬರೆದಿದೀನಿ: "ಆಟಿಸಂ ಯಾರಿಗಿದೆ ಯಾರಿಗಿಲ್ಲ ಅನ್ನುವುದರಲ್ಲಿ ಜೀನ್‌ಗಳ ಪಾತ್ರ ಬಹಳ ದೊಡ್ಡದು. ಇವುಗಳಲ್ಲಿ ಕೆಲವು ತಂದೆಯಿಂದಲೋ ತಾಯಿಯಿಂದಲೋ ಬಂದವು, ಕೆಲವು ಮಗುವಿನಲ್ಲೇ ಹೊಸದಾಗಿ ಕಾಣಿಸಿಕೊಂಡವು. ತಾಯಿಯ ಖಿನ್ನತೆ ಮತ್ತು ಮಗುವಿನ ಆಟಿಸಂ ಒಂದೇ ಮನೆಯಲ್ಲಿ ಕಂಡರೆ, ಒಂದರಿಂದ ಇನ್ನೊಂದು ಬಂತು ಎಂದಲ್ಲ, ಎರಡಕ್ಕೂ ಮರೆಗಾರಣ ಬೇರೆ ಇರಬಹುದು." ಶೇ. 80ರ ವಾಕ್ಯ ಇನ್ನೂ ಖಾಲಿ ಬಿಟ್ಟಿದೀನಿ. ಅದಕ್ಕೊಂದು ಪದ, "ಮರೆಗಾರಣ" ಓಡತ್ತಾ ಇಲ್ವಾ ಅನ್ನೋದು, ಇವೆರಡಕ್ಕೆ ನಿಮ್ಮ ಅಭಿಪ್ರಾಯ ಬೇಕು.